ಮೂರನೇ ನಿಲ್ದಾಣ

ಅಪ್ಪನಿಗೆ ವಿಧಾನಸೌಧ ತೋರಿಸೋದು ದೊಡ್ಡ ಕೆಲಸ ಅಂತ ನನಗನಿಸಿರಲಿಲ್ಲ. ಘಟಪ್ರಭಾದಲ್ಲಿ ರಾಣಿ ಚೆನ್ನಮ್ಮ ರೈಲು ಹತ್ತಿ, ಬೆಳಗ್ಗೆ ಬೆಂಗಳೂರಲ್ಲಿ ನಮ್ಮ ಸೀಮೆಯ ಸಂಗೊಳ್ಳಿ ರಾಯಣ್ಣನ ಹೆಸರಿನ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲಿಂದಲೇ ನೇರಳೆ ಮಾರ್ಗದ ಮೆಟ್ರೋ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ಮೂರನೆಯದೇ ವಿಧಾನಸೌಧ. ಮೊಣಕಾಲು ನೋವಿರುವವನಿಗೆ ಇದಕ್ಕಿಂತ ಸಲೀಸು ಏನಿದೆ?

ಎಸ್ಕಲೇಟರ್ ಹತ್ತಿ ಮೇಲೆ ಬಂದರೆ ಎದುರಿಗೇ ಆ ಕಲ್ಲಿನ ಕಂಬಗಳು. ಅಪ್ಪ ಮಾತ್ರ ಹಿಂದಕ್ಕೆ ತಿರುಗಿ ನಿಂತಿದ್ದ.

"ಮೈಸೂರು ಬ್ಯಾಂಕ್ ಸರ್ಕಲ್ ಯಾವಾಗ ದಾಟಿದ್ವೋ?"

"ನೆಲದಾಗಿಂದ ಬಂದ್ವಿ, ಅಪ್ಪಾ."

ಆಗ ಗೊತ್ತಾಯ್ತು. ನಾನು ಹುಟ್ಟೋಕೆ ಮುಂಚೆ ರೈತರ ಮೆರವಣಿಗೆಗೆಂದು ಕಲ್ಲೋಳಿಯಿಂದ ಬಂದವನು, ರೊಟ್ಟಿ ಬುತ್ತಿ ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿನಿಂದ ನಡೆದೇ ಇಲ್ಲಿಗೆ ಬಂದಿದ್ದನಂತೆ. ಇಷ್ಟು ವರ್ಷ ಒಂದು ಮಾತು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕಬ್ಬಿನ ದರ ಏನಾಯ್ತು ಅಂದರೆ, "ಏನಾಗ್ತೈತಿ" ಅಂತ ನಕ್ಕ.

ಬೆಳಗಾವಿಯಲ್ಲೇ 2012ರಲ್ಲಿ ಸುವರ್ಣಸೌಧ ಆಯ್ತಲ್ಲ ಎಂದೆ.

"ಅದು ಬಸ್ಸಿನಾಗಿಂದ ಕಾಣ್ತೈತಿ. ಇದಕ್ಕ ನಡದ ಬಂದೀನಿ."

ಫೋಟೋ ತೆಗೆದ ಮೇಲೆ ವಾಪಸ್ ಹೋಗೋಕೆ ಟೋಕನ್ ತರ್ತೀನಿ ಎಂದೆ. "ಬ್ಯಾಡ. ಕಾಲ ನೋತರ ಕುಂಡ್ರೂಣು" ಎಂದು ನಡೆದೇ ಬಿಟ್ಟ. ಹನ್ನೆರಡು ವರ್ಷದಿಂದ ಈ ಊರಲ್ಲಿದ್ದೇನೆ. ಮೆಟ್ರೋ ನಿಲ್ದಾಣಗಳೆಲ್ಲ ಬಾಯಿಪಾಠ, ಅವುಗಳ ಮೇಲಿನ ರಸ್ತೆ ಗೊತ್ತಿಲ್ಲ. ಕೆ.ಆರ್. ಸರ್ಕಲ್ಲಿನಲ್ಲಿ ನಿಂತು ಮೊಬೈಲಿನಲ್ಲಿ ದಾರಿ ಹುಡುಕುತ್ತಿದ್ದೆ. ತಲೆ ಎತ್ತಿದರೆ ಅಪ್ಪ ಬಲಕ್ಕೆ ತಿರುಗಿ ಆಗಲೇ ಅರ್ಧ ರಸ್ತೆ ದಾಟಿದ್ದ.

ದಾರಿಯಲ್ಲಿ ಎರಡು ಸಲ ಕೂತೆವು. ಎರಡನೇ ಸಲ ಕೂತಿದ್ದು ನನಗಾಗಿ.