ಕರಗದೆ ಬದಲಾದ ಕಲ್ಲು

ರಿಲೀಸ್ ಹತ್ತಿರ ಬಂದಾಗಲೆಲ್ಲ ಟೀಮಿನ ಗ್ರೂಪಿನಲ್ಲಿ ಯಾರಾದರೊಬ್ಬರು ಹಾಕೋ ಮಾತೊಂದಿದೆ: ‘ಒತ್ತಡ ಬಿದ್ದರೇನೇ ಕಲ್ಲಿದ್ದಲು ವಜ್ರ ಆಗೋದು.’ ಕೇಳೋಕೆ ಚೆನ್ನಾಗಿದೆ, ಆದರೆ ನಿಜ ಅಲ್ಲ. ಕಲ್ಲಿದ್ದಲು ಆಗಿದ್ದು ಗಿಡಮರಗಳಿಂದ. ವಜ್ರಗಳಲ್ಲಿ ಹೆಚ್ಚಿನವು ಭೂಮಿ ಮೇಲೆ ಮರ ಹುಟ್ಟೋಕೆ ಎಷ್ಟೋ ಮೊದಲೇ ಆದವು. ಒತ್ತಡ ಏನು ಮಾಡುತ್ತೆ ಅಂತ ನೋಡಬೇಕಿದ್ದರೆ ಅಷ್ಟು ದೂರ ಹೋಗೋದು ಬೇಡ, ಲಾಲ್‌ಬಾಗ್ ಸಾಕು.

ಕೆಂಪೇಗೌಡರ ಗೋಪುರ ನಿಂತಿದೆಯಲ್ಲ, ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದರ ಜಾತಿ ‘ನೈಸ್’. (ನೈಸ್ ರೋಡಿಗೂ ಇದಕ್ಕೂ ಸಂಬಂಧವಿಲ್ಲ.) ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ 1916ರಲ್ಲಿ ‘ಪೆನಿನ್ಸುಲಾರ್ ನೈಸ್’ ಅಂತ ಹೆಸರಿಟ್ಟರು. ನಮ್ಮೂರಲ್ಲಿ ಜಗಲಿಗೆ ಹಾಸಿದ ಚಪ್ಪಡಿ, ಬಟ್ಟೆ ಒಗೆಯೋ ಕಲ್ಲು ಎಲ್ಲಾ ಇದೇ. ಬಗ್ಗಿ ನೋಡಿದರೆ ಬಿಳಿ, ಕಪ್ಪು ಪಟ್ಟೆಗಳು ಕಾಣ್ತವೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕಪ್ಪಿನಲ್ಲಿ ಹೆಚ್ಚಾಗಿ ಬಯೋಟೈಟ್ ಅನ್ನೋ ಕಪ್ಪು ಅಭ್ರಕ.

ಈ ಪಟ್ಟೆ ಬಂದಿದ್ದು ನೆಲದಾಳದಲ್ಲಿ. ಕೆಳಗೆ ಹೋದಂತೆ ಕಿಲೋಮೀಟರಿಗೆ ಸುಮಾರು 25-30 ಡಿಗ್ರಿ ಶಾಖ ಏರುತ್ತೆ. ಹತ್ತಾರು ಕಿಲೋಮೀಟರ್ ಆಳದಲ್ಲಿ, ಗ್ರಾನೈಟಿನಂಥ ಹಳೇ ಕಲ್ಲು ಬೆಂದಿತು. ಪೂರ್ತಿ ಕರಗಲಿಲ್ಲ, ಕರಗಿ ಆರಿದ್ದರೆ ಅದು ಮತ್ತೆ ಅಗ್ನಿಶಿಲೆ ಆಗ್ತಿತ್ತು. ಗಟ್ಟಿಯಾಗಿದ್ದುಕೊಂಡೇ ಒಳಗಿನ ಅಣುಗಳು ಜಾಗ ಬದಲಿಸಿದವು, ಹೊಸ ಹರಳು ಬೆಳೆದವು.

ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲಾ ಕಡೆಯಿಂದ ಒಂದೇ ಸಮ ಒತ್ತಿದರೆ ಹರಳು ಒಂದು ದಿಕ್ಕಿಗೆ ಸಾಲುಗಟ್ಟಲ್ಲ. ಒಂದು ಕಡೆಯಿಂದ ಹೆಚ್ಚು ಒತ್ತಿದಾಗ ಮಾತ್ರ ಅಭ್ರಕದ ಹಾಳೆಗಳು ಆ ಒತ್ತಡಕ್ಕೆ ಅಡ್ಡಲಾಗಿ ಮಲಗಿ ಬೆಳೀತವೆ. ಹಾಗಾಗಿ ತನ್ನನ್ನು ಯಾವ ಕಡೆಯಿಂದ ಹಿಂಡಿದರು ಅನ್ನೋದನ್ನು ಕಲ್ಲು ಮೈಮೇಲೇ ಬರೆದುಕೊಂಡಿರುತ್ತೆ.

ಇನ್ನೂ ಸೋಜಿಗ ಬೇಕಿದ್ದರೆ ಕನಕಪುರದ ಕಡೆ ಕಬ್ಬಾಳದುರ್ಗಕ್ಕೆ ಹೋಗಬೇಕು. ಅಲ್ಲಿ ಬೂದುಬಣ್ಣದ ನೈಸ್ ಮಧ್ಯೆ ಅಲ್ಲಲ್ಲಿ ಹಸಿರುಗಪ್ಪು ಮಚ್ಚೆಗಳಿವೆ. ಆಳದಿಂದ ಬಂದ ಇಂಗಾಲದ ಡೈಆಕ್ಸೈಡ್ ಬಿರುಕಿನಲ್ಲಿ ನುಗ್ಗಿ, ನೀರಿನಂಶ ಕಳೆದುಹೋಗಿ, ಕಪ್ಪು ಅಭ್ರಕದ ಜಾಗದಲ್ಲಿ ಪೈರಾಕ್ಸೀನ್ ಹುಟ್ಟಿತು. ಪಟ್ಟೆ ಮಸುಕಾಗಿ ಕಲ್ಲು ಚಾರ್ನೊಕೈಟ್ ಆಯಿತು. ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಒಂದೇ ಅಂಗೈಯಲ್ಲಿ ಎರಡೂ ಕಲ್ಲು ಮುಟ್ಟಬಹುದು. ಇದ್ದ ಸಾಮಗ್ರಿ ಹೆಚ್ಚುಕಮ್ಮಿ ಅದೇ, ಕಲ್ಲು ಬೇರೆ.

ಇದೆಲ್ಲ ಯಾಕೆ ತಲೆಗೆ ಹತ್ತಿತು ಅಂದರೆ, ಹೋದ ಯುಗಾದಿಗೆ ಅಪ್ಪ ಕೇಳಿದರು, “ನೀನು ಮೊದಲಿನ ಹಾಗಿಲ್ಲ ಕಣಪ್ಪ. ಊರಿಗೆ ವಾಪಸ್ ಬರ್ತೀಯೋ ಇಲ್ವೋ ಹೇಳಿಬಿಡು. ಇಲ್ಲಾಂದ್ರೆ ಆ ಎರಡೆಕರೆ ಮಾರಿಬಿಡ್ತೀನಿ.” ಬೈಗುಳ ಅಲ್ಲ, ಲೆಕ್ಕಾಚಾರ. ಅವರಿಗೂ ವಯಸ್ಸಾಯಿತು. ನನಗೆ ಉತ್ತರ ಹೊಳೀಲಿಲ್ಲ.

ಆಮೇಲೆ ಲಾಲ್‌ಬಾಗಿನಲ್ಲಿ ಕೂತಾಗ ಬೇರೆಯದೇ ಪ್ರಶ್ನೆ ಬಂತು. ಈ ಬಂಡೆ ಮೇಲೆ ಬಂತಲ್ಲ, ಒತ್ತಡ ಹೋಯಿತಲ್ಲ, ಮತ್ಯಾಕೆ ಹಳೇ ರೂಪಕ್ಕೆ ಮರಳಲಿಲ್ಲ? ಓದಿದಾಗ ತಿಳೀತು: ಹಿಂದಕ್ಕೆ ಬದಲಾಗೋಕೂ ಶಾಖ ಬೇಕು, ನೀರು ಬೇಕು. ಮೇಲೆ ಬರುವಷ್ಟರಲ್ಲಿ ಶಾಖ ಆರಿರುತ್ತೆ, ನೀರು ಬಿಟ್ಟುಹೋಗಿರುತ್ತೆ. ಹಾಗಾಗಿ ಪಟ್ಟೆ ಉಳಿದುಕೊಳ್ಳುತ್ತೆ.

ಅಪ್ಪನಿಗೆ ಫೋನ್ ಮಾಡಿ ಹೇಳಿದೆ, “ಮಾರಬೇಡಿ ಅಪ್ಪಾ, ಸದ್ಯಕ್ಕೆ ಗುತ್ತಿಗೆಗೆ ಕೊಡಿ. ಬರ್ತೀನಿ. ಆದರೆ ಹೋದವನೇ ವಾಪಸ್ ಬರ್ತಾನೆ ಅಂದ್ಕೋಬೇಡಿ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು. ಯಾರು ಬಂದರೂ ಕಳೆ ಕೀಳೋಕೆ ಬರಬೇಕು ಅಷ್ಟೇ” ಅಂದರು.