ಚಿಂತಾಮಣಿಯಿಂದ ಅಣ್ಣನಿಗೆ

ಚಿಂತಾಮಣಿ
ಗುರುವಾರ ರಾತ್ರಿ



ರೇಷ್ಮೆ ಗೂಡು ಒಳ್ಳೆ ರೇಟಿಗೇ ಹೋಯಿತು, ಮೊದಲು ಅದನ್ನು ಅಮ್ಮನಿಗೆ ಹೇಳು. ಪಿಕಪ್ ಮಾತ್ರ ಇಲ್ಲಿ ಗ್ಯಾರೇಜಿನಲ್ಲಿದೆ.

ಮಧುಗಿರಿ ಬಿಟ್ಟಾಗ ಬ್ರೇಕ್ ಚೆನ್ನಾಗೇ ಇತ್ತು. ಗೌರಿಬಿದನೂರಿನಿಂದ ವಿದುರಾಶ್ವತ್ಥಕ್ಕೆ ಹೋಗಿ 1938ರ ಗೋಲಿಬಾರಿನ ಸ್ಮಾರಕ ನೋಡುವ ಆಸೆಯಿತ್ತು. ತಡವಾದರೆ ಗೂಡಿನ ತೂಕ ಇಳಿಯುತ್ತದಲ್ಲ, ಹೋಗಲಿಲ್ಲ. ಮಂಚೇನಹಳ್ಳಿ, ಚಿಕ್ಕಬಳ್ಳಾಪುರ ದಾಟಿದರೂ ಏನೂ ಗೊತ್ತಾಗಲಿಲ್ಲ. ಗಾಡಿ ತುಂಬ ಗೂಡಿದ್ದರೂ ಭಾರ ಎಷ್ಟು ಮಹಾ! ಶಿಡ್ಲಘಟ್ಟದ ಮಾರುಕಟ್ಟೆ ಮುಂದೆ ಬ್ರೇಕ್ ಒತ್ತಿಕೊಂಡು ಸಾಲಿನಲ್ಲಿ ನಿಂತಾಗ ಪೆಡಲ್ ಮೆಲ್ಲಗೆ ಇಳಿಯತೊಡಗಿತು. ಬಿಟ್ಟು ಒತ್ತಿದರೆ ಗಟ್ಟಿ, ಹಾಗೇ ಹಿಡಿದರೆ ಮತ್ತೆ ನೆಲಕ್ಕೆ.

ಗೂಡು ಮಾರಿದ ಮೇಲೆ ಹ್ಯಾಂಡ್‌ಬ್ರೇಕ್ ನಂಬಿ, ಗೇರಿನಲ್ಲೇ ತಡೆದುಕೊಂಡು ಚಿಂತಾಮಣಿಗೆ ಬಂದೆ. ಇಲ್ಲಿ ಗ್ಯಾರೇಜಿನ ಮಾತೆಲ್ಲ ತೆಲುಗು, ಬೈಗುಳವೂ. ಮೇಸ್ತ್ರಿ ಪಾನಾ ಮುಟ್ಟುವ ಮೊದಲು ಪೆಡಲನ್ನೇ ವಿಚಾರಿಸಿದರು. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ. ಕಲ್ಲಿನಂತೆ ಗಟ್ಟಿಯಿದ್ದರೆ ಬೂಸ್ಟರ್ ಅಥವಾ ವ್ಯಾಕ್ಯೂಮ್ ಪಂಪ್ ನೋಡಬೇಕು. ಎಂಜಿನ್ ಆಫ್ ಮಾಡಿಸಿ ನಾಲ್ಕೈದು ಸಲ ಒತ್ತಿಸಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿಸಿದರು. ಪೆಡಲ್ ಸ್ವಲ್ಪ ತಗ್ಗಿತು. ಬೂಸ್ಟರ್ ಸರಿಯಿದೆ ಎಂದರು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮಟ್ಟ ಇಳಿದಿಲ್ಲ, ಚಕ್ರಗಳ ಒಳಗೆ ತೇವವಿಲ್ಲ. ಹೊರಗೆಲ್ಲೂ ಸೋರಿಲ್ಲ ಅಂದಮೇಲೆ ಮಾಸ್ಟರ್ ಸಿಲಿಂಡರಿನ ಒಳಗೇ ಆಯಿಲ್ ರಬ್ಬರ್ ಕಪ್ ದಾಟಿ ಹಿಂದಕ್ಕೆ ಜಾರುತ್ತಿದೆ.

ಬರೀ ಕಪ್ ಕಿಟ್ ಹಾಕಿಬಿಡಿ ಎಂದೆ. ಬಿಚ್ಚಿ ತೋರಿಸಿದರು: ಒಳಗೋಡೆಯಲ್ಲಿ ಗೀರು. ಹೊಸ ಕಪ್ಪನ್ನೂ ಅದು ತಿಂದುಹಾಕುತ್ತದೆ, ಸಿಲಿಂಡರೇ ಬೇಕು. ಹಳೇ ಆಯಿಲ್ ಕಾಫಿ ಬಣ್ಣಕ್ಕೆ ತಿರುಗಿತ್ತು. ಅದು ಗಾಳಿಯ ತೇವ ಹೀರುವ ವಸ್ತು. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೂ ಕುದಿಯದು. ನೀರು ಸೇರಿದ್ದು 140ರ ಆಸುಪಾಸಿಗೇ ಕುದಿಯಬಹುದು. ಲೋಡಿನಲ್ಲಿ ಇಳಿಜಾರು ಇಳಿಯುವಾಗ ಹಾಗಾದರೆ ಕಾಲಡಿ ಬ್ರೇಕೇ ಇರುವುದಿಲ್ಲ.

ನಾಳೆ ಸಿಲಿಂಡರ್ ಕೂರಿಸಿ, ದೂರದ ಎಡ ಹಿಂಚಕ್ರದಿಂದ ಶುರುಮಾಡಿ ಏರ್ ತೆಗೆಯುತ್ತಾರೆ. ಮಂಡಿಯವರು ಟೊಮೆಟೊ ಲೋಡು ಕೊಡುತ್ತೇವೆ ಎಂದರು, ಬೇಡವೆಂದೆ. ಡೀಸೆಲ್ ದುಡ್ಡು ಹೋಯಿತೆಂದು ನೀನು ಗೊಣಗುವುದು ಗೊತ್ತು. ಆದರೂ ಮೊದಲು ಖಾಲಿ ಗಾಡಿ ಓಡಿಸಿ ನೋಡಬೇಕು. ನಿನ್ನ ಬೈಕಿನ ಡಿಸ್ಕಿಗೂ ಇಂಥದೇ ಆಯಿಲ್. ಬದಲಿಸಿದ್ದು ಯಾವಾಗ, ನೋಡಿಕೋ.

ನಿನ್ನ ತಮ್ಮ