ಬಂಪರಿನ ಮೂರು ಬಿಳಿ

ಕಳೆದ ವರ್ಷ ಜುಲೈನಲ್ಲಿ ಮೈಸೂರಿನ ಹಾಸ್ಟೆಲ್ ಖಾಲಿ ಮಾಡಿ ಗೋಣಿಕೊಪ್ಪಲಿನ ಮನೆಗೆ ಬಂದೆ. ಫೆಲೋಶಿಪ್ಪಿನ ಅವಧಿ ಮುಗಿದಿತ್ತು, ಪಿಎಚ್‌ಡಿ ಮುಗಿದಿರಲಿಲ್ಲ. ಮನೆಯಲ್ಲಿ ಕೂತು ಮೂರನೇ ಅಧ್ಯಾಯ ಬರೆದು ಕಳಿಸುತ್ತೇನೆ ಎಂದು ಗೈಡ್‌ಗೆ ಮಾತು ಕೊಟ್ಟಿದ್ದೆ. ಬರೆಯಬೇಕಾದವರಿಗೆ ಬರೆಯದಿರಲು ಒಂದು ನೆಪ ಬೇಕು. ನನಗೆ ಸಿಕ್ಕ ನೆಪ ಅಪ್ಪನ ಹಳೆಯ ಬಿಳಿ ಆಲ್ಟೊ ಕಾರಿನ ಮುಂದಿನ ಬಂಪರ್.

ಅಪ್ಪ ಡ್ರೈವರ್. ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲಿನ ಕಾಫಿ ತೋಟವೊಂದರಲ್ಲಿ ಇಪ್ಪತ್ತೆರಡು ವರ್ಷ ಜೀಪು ಓಡಿಸಿದವರು. ತಿತಿಮತಿ ಕಾಡಿನ ರಸ್ತೆಯಲ್ಲಿ ರಾತ್ರಿ ಆನೆ ಎದುರಾದರೆ ಹಾರ್ನ್ ಹೊಡೆಯದೆ ಗಾಡಿಯನ್ನು ಹಿಂದಕ್ಕೆ ತೆಗೆದ ಕಥೆಗಳು ಅವರ ಹತ್ತಿರ ಬೇಕಾದಷ್ಟಿವೆ. ಪ್ರತಿ ಕಥೆಯೂ ಮುಗಿಯುವುದು ಒಂದೇ ಮಾತಿನಲ್ಲಿ: “ಗಾಡಿಗೆ ಒಂದು ಗೀರು ಬೀಳಲಿಲ್ಲ.” ತೋಟದ ಕೆಲಸ ಬಿಟ್ಟಮೇಲೆ ಈ ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡು, ಆಸ್ಪತ್ರೆಗೆ ಹೋಗುವವರನ್ನು, ಶಾಲೆಯ ಮಕ್ಕಳನ್ನು, ಸಂತೆಗೆ ಬಂದವರನ್ನು ಕರೆದೊಯ್ದು ಮನೆ ನಡೆಸುತ್ತಿದ್ದರು.

ಬಂಪರಿನ ಎಡಮೂಲೆಯಲ್ಲಿ ಬಣ್ಣ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯ ಹಾಗೆ ಎದ್ದಿತ್ತು. ವರ್ಕ್‌ಶಾಪಿನಲ್ಲಿ ಹೇಳಿದ ದುಡ್ಡು ಜಾಸ್ತಿಯೆನಿಸಿತು. ಅಂಗಡಿಯಿಂದ ಬಿಳಿ ಬಣ್ಣದ ಸ್ಪ್ರೇ ಡಬ್ಬಿ ತಂದು, ಬಟ್ಟೆಯಲ್ಲಿ ಒರೆಸಿ, ಹೊಡೆದುಬಿಟ್ಟೆ. ಸಂಜೆಗೆ ಹೊಸದರಂತೆ ಹೊಳೆಯಿತು. ಮೂರನೇ ದಿನ ಕೆಸರು ತೊಳೆಯಲು ಪೈಪಿನಲ್ಲಿ ನೀರು ಬಿಟ್ಟರೆ ಬಣ್ಣ ಹಾಳೆಯಾಗಿ ಕಿತ್ತು ಬಂತು. ಅಪ್ಪ ನಕ್ಕು, “ಬಿಡವ್ವ, ನಾನೂ ನೋಡಿದೀನಿ, ಅದು ಹಿಡಿಯಲ್ಲ” ಎಂದರು. ಆ ಮಾತಿನಲ್ಲಿ ಏನಿದೆ ಎಂದು ನಾನು ಆಗ ಯೋಚಿಸಲಿಲ್ಲ.

ಹಠ ಬಂತು. ಅಪ್ಪ ಸ್ಕ್ರೂ ಯಾವುದು, ಕ್ಲಿಪ್ ಯಾವುದು ಎಂದು ತೋರಿಸಿದರು. ನಾನು ಬಂಪರ್ ಬಿಚ್ಚಿ ಶೀಟಿನ ಕೆಳಗೆ ಎರಡು ಸ್ಟೂಲಿನ ಮೇಲಿಟ್ಟೆ. ಒಳಬದಿಯಲ್ಲಿ ಸಣ್ಣಕ್ಷರದಲ್ಲಿ ‘ಪಿಪಿ’ ಎಂದು ಅಚ್ಚಾಗಿತ್ತು. ಅಂದರೆ ಪಾಲಿಪ್ರೊಪಿಲೀನ್. ಇಟಲಿಯ ಜೂಲಿಯೊ ನಟ್ಟಾ 1954ರಲ್ಲಿ ಇದನ್ನು ಗಟ್ಟಿಯಾದ, ಬಳಸಲು ಬರುವ ರೂಪದಲ್ಲಿ ತಯಾರಿಸಿದರು. ಇಂಥ ಪಾಲಿಮರುಗಳ ಮೇಲಿನ ಕೆಲಸಕ್ಕಾಗಿ ಅವರಿಗೂ ಜರ್ಮನಿಯ ಕಾರ್ಲ್ ಜೀಗ್ಲರ್‌ಗೂ 1963ರ ನೊಬೆಲ್ ಬಂತು. ಅಡುಗೆಮನೆಯ ಡಬ್ಬಿ, ಅಂಗಳದ ಕುರ್ಚಿ, ಮೂಟೆ ಹೊಲಿಯುವ ಚೀಲ ಎಲ್ಲದರಲ್ಲೂ ಇರುವುದು ಇದೇ. ಬಡಿದರೆ ಒಡೆಯದೆ ಬಾಗುತ್ತದೆ, ಹಗುರವಾಗಿದೆ. ಅದಕ್ಕೇ ಬಂಪರಿಗೆ ಬಂದಿದೆ. ಆದರೆ ಇದರ ಮೈ ಮೇಣದಂಥದು. ಬರೀ ಇಂಗಾಲ, ಜಲಜನಕಗಳ ಸರಪಣಿ. ಬಣ್ಣಕ್ಕೆ ಕೈಚಾಚಿ ಹಿಡಿದುಕೊಳ್ಳಲು ಏನೂ ಇಲ್ಲ. ಕಾರ್ಖಾನೆಯಲ್ಲಿ ಬಣ್ಣ ಹೊಡೆಯುವ ಮುಂಚೆ ಬೆಂಕಿಯ ಜ್ವಾಲೆಯನ್ನು ಕ್ಷಣಕಾಲ ಸವರಿ ಅಥವಾ ವಿಶೇಷ ಪ್ರೈಮರ್ ಹಚ್ಚಿ ಆ ಮೈಯನ್ನು ಬದಲಿಸುತ್ತಾರೆ. ಮನೆಯಲ್ಲಿ ಮಾಡುವವರಿಗೆ ಇರುವ ದಾರಿ ಸೋಪು, ಸ್ಪಿರಿಟ್, ಸ್ಯಾಂಡ್ ಪೇಪರ್, ಆಮೇಲೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್.

ನನ್ನ ಸಂಶೋಧನೆ ಗ್ರಂಥಸಂಪಾದನೆಯಲ್ಲಿ. ನಮ್ಮ ಕಡೆ ಓಲೆಗರಿಯ ಮೇಲೆ ಸಾಮಾನ್ಯವಾಗಿ ಮಸಿಯಿಂದ ನೇರ ಬರೆಯುತ್ತಿರಲಿಲ್ಲ. ಕಂಟದಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ಉಜ್ಜಿ ಒರೆಸುತ್ತಿದ್ದರು. ಗೀರಿದ ಕಡೆ ಮಾತ್ರ ಕಪ್ಪು ನಿಲ್ಲುತ್ತಿತ್ತು. ವರ್ಷಗಟ್ಟಲೆ ಇದನ್ನು ಓದಿಕೊಂಡು ಬಂದವಳು ನುಣುಪು ಪ್ಲಾಸ್ಟಿಕ್ಕಿನ ಮೇಲೆ ಬಣ್ಣ ಹೊಡೆದಿದ್ದೆ!

400ರ ವಾಟರ್ ಪೇಪರ್ ನೀರಲ್ಲಿ ಅದ್ದಿ ಉಜ್ಜತೊಡಗಿದೆ. ತೀರಾ ಒರಟು ಕಾಗದ ತೆಗೆದುಕೊಂಡರೆ ಈ ಪ್ಲಾಸ್ಟಿಕ್ ನೂಲು ನೂಲಾಗಿ ಏಳುತ್ತದೆ, ಹಾಗಾಗಿ ನಿಧಾನ. ಹೊರಗೆ ಮಳೆ ಒಂದೇ ಸಮ. ನನ್ನ ಸ್ಪ್ರೇ ಬಣ್ಣದ ಉಳಿದ ಚೂರು ಹೋಯಿತು. ಅದರಡಿ ಸ್ವಲ್ಪ ಹಳದಿ ಬೆರೆತ ಬಿಳಿ, ಬ್ರಷ್ಷಿನ ಗೆರೆಗಳ ಸಮೇತ. ಅದರಡಿ ಒಂದು ಗೀರು. ಇನ್ನೂ ಉಜ್ಜಿದರೆ ನೀಲಿಗೆ ತಿರುಗುವ ಬಿಳಿ, ಮತ್ತೆ ಗೀರು. ಆಮೇಲೆ ಕಂಪನಿಯ ಬಿಳಿ, ಅದರ ಮೇಲೂ ಉದ್ದದ ಗೀರು. ಮೂರು ಬಿಳಿ, ಮೂರು ಗೀರು. ಎಲ್ಲವೂ ಎಡಮೂಲೆಯಲ್ಲೇ. ಬಲಮೂಲೆಯಲ್ಲಿ ಒಂದೂ ಇಲ್ಲ.

ಒಂದೇ ತಪ್ಪು ಒಂದೇ ಜಾಗದಲ್ಲಿ ಮರುಕಳಿಸಿದರೆ ಅದು ಕೈತಪ್ಪಲ್ಲ, ಕಾರಣ ಹುಡುಕಬೇಕು ಎಂದು ನಮಗೆ ಪಾಠಾಂತರ ನೋಡುವಾಗ ಕಲಿಸುತ್ತಾರೆ. ಪೇಪರ್ ಕೆಳಗಿಟ್ಟೆ. ಮನೆಗೆ ಬಂದ ಮೇಲೆ ನೋಡಿದ್ದು ಒಂದೊಂದೇ ನೆನಪಾಯಿತು. ಎಡಗಡೆ ಇಟ್ಟ ಟೀ ಲೋಟ ಎರಡು ಸಲ ಉರುಳಿತ್ತು. ಅಮ್ಮ ಎಡಗಡೆಯಿಂದ ಬಂದು ಮಾತಾಡಿಸಿದರೆ ಅಪ್ಪ ಬೆಚ್ಚುತ್ತಿದ್ದರು. ಎಡಗಡೆಯ ಕನ್ನಡಿಗೂ ಗೀರಿತ್ತು.

“ಅಪ್ಪಾ, ಇದು ಯಾವಾಗ ಆಗಿದ್ದು?”

ಅವರು ಬಂಪರ್ ನೋಡಿದರು, ನನ್ನನ್ನು ನೋಡಲಿಲ್ಲ. “ಗೇಟಿನ ಕಂಬ. ಇನ್ನೊಂದು ಮೋರಿ ಕಟ್ಟೆ. ನಿಮ್ಮಮ್ಮಂಗೆ ಹೇಳ್ಬೇಡ. ಸಂತೆ ಹತ್ರ ಪೇಂಟ್ ತಗೊಂಡು ಹಚ್ಚಿದ್ದೆ.”

“ಕಂಬ ಕಾಣ್ಲಿಲ್ವಾ?”

“ಇಷ್ಟು ವರ್ಷದಿಂದ ಅಲ್ಲೇ ಇರೋ ಕಂಬ ಕಣವ್ವ. ಯಾಕೆ ಕಾಣ್ಲಿಲ್ಲ ಅಂತ ನಂಗೂ ಗೊತ್ತಿಲ್ಲ.”

ಆ ವಾರವೇ ಮೈಸೂರಿಗೆ ಬಸ್ಸಿನಲ್ಲಿ ಹೋದೆವು. ಕಣ್ಣಿನಾಸ್ಪತ್ರೆಯಲ್ಲಿ ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ದೀಪ ನೋಡುತ್ತಾ, ಸುತ್ತ ಎಲ್ಲಾದರೂ ಬೆಳಕಿನ ಚುಕ್ಕೆ ಮಿನುಗಿದರೆ ಗುಂಡಿ ಒತ್ತಬೇಕು. ಎಡಗಣ್ಣಿನ ಸರದಿಯಲ್ಲಿ ಅಪ್ಪ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಕಾಗದದಲ್ಲಿ ಎಡಭಾಗ ಕಪ್ಪಾಗಿ ಬಂತು. ಗ್ಲಾಕೋಮಾ. ನೋವಿಲ್ಲದೆ, ಸದ್ದಿಲ್ಲದೆ ಕಣ್ಣಿನ ನರ ಸವೆಯುತ್ತದೆ. ಅಂಚಿನ ನೋಟ ಮೊದಲು ಹೋಗುತ್ತದೆ, ನಡುವಿನದು ಕೊನೆಯವರೆಗೂ ಉಳಿಯುತ್ತದೆ. ಅದಕ್ಕೇ ಅಪ್ಪನಿಗೆ ದೂರದ ಬೋರ್ಡು ಸ್ಪಷ್ಟ, ಪಕ್ಕದ ಕಂಬ ಇಲ್ಲ. ಹೋದದ್ದು ಬರುವುದಿಲ್ಲ, ಹನಿ ಹಾಕುತ್ತಿದ್ದರೆ ಇರುವುದನ್ನು ಕಾಪಾಡಬಹುದು ಎಂದರು ಡಾಕ್ಟರು. ಬಾಡಿಗೆ ಓಡಿಸುವುದು ಬೇಡ ಎಂದೂ ಹೇಳಿದರು. ಅಪ್ಪ ತಲೆಯಾಡಿಸಿದರು. ಹುಣಸೂರು ದಾಟುವವರೆಗೂ ಮಾತಾಡಲಿಲ್ಲ. ಆಮೇಲೆ ಹೇಳಿದ್ದು ಇಷ್ಟೇ: “ಸ್ಕೂಲ್ ಮಕ್ಕಳನ್ನ ಕೂರಿಸ್ಕೊಂಡು ಹೋಗ್ತಿದ್ದೆನಲ್ಲವ್ವ.”

ಹಿಂದಿನ ದಸರಾಕ್ಕೂ ನಾನು ಊರಿಗೆ ಬಂದಿದ್ದೆ. ಮಂಟಪಗಳನ್ನು ನೋಡಲು ಅಪ್ಪನ ಎಡಪಕ್ಕದಲ್ಲೇ ನಿಂತಿದ್ದೆ. ಮುನ್ನೂರು ವರ್ಷದ ಹಿಂದಿನ ಲಿಪಿಕಾರ ಎಲ್ಲಿ ತಡವರಿಸಿದ ಎಂದು ಹೇಳಬಲ್ಲ ನನಗೆ ಅದು ಕಂಡಿರಲಿಲ್ಲ.

ಬಂಪರ್ ಇನ್ನೂ ಸ್ಟೂಲಿನ ಮೇಲಿತ್ತು. ಈ ಸಲ ಅಪ್ಪ ಪಕ್ಕದಲ್ಲಿ ಕೂತರು. 600ರಲ್ಲಿ ಮತ್ತೊಮ್ಮೆ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಪ್ಲಾಸ್ಟಿಕ್ ಪ್ರೈಮರನ್ನು ತೆಳ್ಳಗೆ ಹೊಡೆದೆ. ಮೇಲೆ ಬೂದು ಪ್ರೈಮರ್, ಬಿಳಿಯನ್ನು ಮೂರು ತೆಳು ಸುತ್ತು. ಕೊನೆಗೆ ಕ್ಲಿಯರ್ ಕೋಟ್. ಮಳೆಗಾಲದ ತೇವದಲ್ಲಿ ಹೊಡೆದಿದ್ದಕ್ಕೆ ಅದು ಹಾಲಿನಂತೆ ಮಂಜಾಯಿತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನು ಹಿಡಿಯುತ್ತದೆ. ಮತ್ತೆ ಉಜ್ಜಿ, ಬಿಸಿಲಿನ ದಿನಕ್ಕೆ ಕಾದೆವು. ಆಗಸ್ಟಿನಲ್ಲಿ ಅಂಥದೊಂದು ದಿನ ಸಿಕ್ಕಿತು. ಬಣ್ಣ ಹಿಡಿಯಿತು. ಕಾರಿನ ಬಿಳಿಗೂ ಬಂಪರಿನ ಬಿಳಿಗೂ ಸ್ವಲ್ಪ ವ್ಯತ್ಯಾಸವಿದೆ. ಇರಲಿ ಎಂದರು ಅಪ್ಪ. ಕೇಳಿದವರಿಗೆಲ್ಲ ಕಂಬಕ್ಕೆ ಹೊಡೆದ ಕಥೆಯನ್ನು ಅವರೇ ಹೇಳುತ್ತಾರೆ.

ಈಗ ತಪಾಸಣೆಗೆ ಮೈಸೂರಿಗೆ ಹೋಗುವಾಗ ಕಾರು ಓಡಿಸುವುದು ನಾನು. ಅಮ್ಮ ಹೊಲಿಗೆಯ ಕೆಲಸ ಹೆಚ್ಚಿಸಿಕೊಂಡಿದ್ದಾಳೆ, ನಾನು ಮನೆಪಾಠ ಹೇಳುತ್ತೇನೆ, ಮೂರನೇ ಅಧ್ಯಾಯ ಗೈಡ್‌ಗೆ ತಲುಪಿದೆ. ಅಪ್ಪ ಎಡಗಡೆಯ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ನೇರ ನೋಡುತ್ತಾ ಕೂರುತ್ತಾರೆ. ತಿತಿಮತಿ ಹತ್ತಿರ ಬಂದಾಗ ತಲೆ ತಿರುಗಿಸದೆಯೇ ಹೇಳುತ್ತಾರೆ: “ಎಡಗಡೆ ಮೋರಿ ಕಟ್ಟೆ ಇದೆ, ನೋಡ್ಕೊ.”

ಇರುತ್ತದೆ. ನಾನು ಸ್ವಲ್ಪ ಬಲಕ್ಕೆ ತೆಗೆದುಕೊಳ್ಳುತ್ತೇನೆ.